ಫಲಿತಾಂಶದ ಕೊಳಗ

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಅವರ ಸಿಟ್ಟಿನ ಬುಡದಲ್ಲಿ ಒಂದು ಕೊಳಗವಿತ್ತು. ಗೇಣಿ ಭತ್ತ ಅಳೆಸಿಕೊಳ್ಳುವಾಗ ಒಡೆಯರ ಮನೆಯ ಕೊಳಗ ದೊಡ್ಡದಾಗಿರುತ್ತಿತ್ತು. ವರ್ಷವಿಡೀ ಕೆಸರಿನಲ್ಲಿ ನಿಂತು ಬೆಳೆದವನ ಪಾಲು ಆ ಅಳತೆಯಲ್ಲೇ ಕರಗಿಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು, ಅವರ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. 1962ರಲ್ಲಿ, ಮತ್ತೆ 1967ರಲ್ಲಿ ಅವರನ್ನು ಗೆಲ್ಲಿಸಿ ಕಳಿಸಿದ್ದು ತೀರ್ಥಹಳ್ಳಿ. ಮೂರೂ ತಾಲ್ಲೂಕಿನ ಜನ ಒಂದೇ ಮಾತಿಗೆ ಓಟು ಹಾಕಿದ್ದರು: ದುಡಿದವನಿಗೆ ನ್ಯಾಯವಾದ ಪಾಲು ಸಿಗಬೇಕು. 1974ರ ಭೂಸುಧಾರಣೆ ಬರುವ ಹೊತ್ತಿಗೆ ಗೌಡರು ತೀರಿಕೊಂಡು ಎರಡು ವರ್ಷವಾಗಿತ್ತು. ಆದರೂ ಆ ಕಾಯ್ದೆಯ ಹಿಂದೆ ಈ ಸೀಮೆಯ ಜನರ ಬೆವರಿದೆ.

ಗೇಣಿದಾರರೆಂದು ಡಿಕ್ಲರೇಷನ್ ಕೊಟ್ಟು ಭೂಮಿ ಪಡೆದ ಮನೆಗಳ ಮಕ್ಕಳು ಆಮೇಲೆ ಹೈಸ್ಕೂಲಿಗೆ ಹೋದರು. ಆನಂದಪುರ, ತಾಳಗುಪ್ಪ, ರಿಪ್ಪನ್‌ಪೇಟೆ, ನಗರ, ಕೋಣಂದೂರು, ಆಗುಂಬೆ, ಹೀಗೆ ಊರೂರಲ್ಲಿ ಎದ್ದ ಪ್ರೌಢಶಾಲೆಗಳಿಂದಲೇ ನಮ್ಮ ಮೇಷ್ಟರು, ನರ್ಸು, ಬ್ಯಾಂಕಿನವರು, ಎಂಜಿನಿಯರುಗಳು ಹೊರಬಂದದ್ದು. ಇದನ್ನು ಓದುತ್ತಿರುವವರಲ್ಲಿ ಬಹುಪಾಲು ಜನ ಆ ಬೆಂಚಿನಿಂದಲೇ ಎದ್ದು ಬಂದವರು. ಅದಕ್ಕಾಗಿಯೇ ನಿಮ್ಮೊಂದಿಗೆ ಮುಚ್ಚುಮರೆಯಿಲ್ಲದೆ ಮಾತಾಡಬೇಕೆಂದು ಕೂತಿದ್ದೇನೆ.

ಇವತ್ತು ಅದೇ ಸೀಮೆಯಲ್ಲಿ ಮಕ್ಕಳನ್ನು ಅಳೆಯುವ ಕೊಳಗವೊಂದು ಬಂದಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಅದರ ಹೆಸರು.

ಜಿಲ್ಲೆಯ ಲೆಕ್ಕ ನೋಡಿದರೆ ಹೆಮ್ಮೆಪಡುವಂತಿದೆ. 2025ರ ಮೊದಲ ಪರೀಕ್ಷೆಯಲ್ಲಿ ಇಡೀ ರಾಜ್ಯ ಶೇ. 62.34ಕ್ಕೆ ಕುಸಿದಾಗ ಶಿವಮೊಗ್ಗ ಶೇ. 82.29 ಪಡೆದು ನಾಲ್ಕನೇ ಸ್ಥಾನದಲ್ಲಿತ್ತು. ಹಿಂದಿನ ವರ್ಷ ಮೂರನೆಯದು. ಫಲಿತಾಂಶ ಬಂದ ಮರುದಿನ ಪೇಟೆಯ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ, 625ಕ್ಕೆ ಇಷ್ಟು ಅಂಕ ಪಡೆದ ಮಕ್ಕಳ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ಶೇ. 100. ಆ ಮಕ್ಕಳ ಶ್ರಮಕ್ಕೆ ತಲೆಬಾಗುತ್ತೇನೆ. ಆದರೆ ಶೇ. 82 ಎಂದರೆ ಪರೀಕ್ಷೆಗೆ ಕೂತ ನೂರು ಮಕ್ಕಳಲ್ಲಿ ಹದಿನೆಂಟು ಮಂದಿ ಮೊದಲ ಸಲಕ್ಕೆ ದಾಟಲಿಲ್ಲ ಎಂದೂ ಅರ್ಥವಲ್ಲವೇ? ಆ ಹದಿನೆಂಟು ಮಂದಿ ಯಾರ ಮನೆಯವರು ಎಂದು ಯಾವ ಫ್ಲೆಕ್ಸೂ ಹೇಳುವುದಿಲ್ಲ. ಇನ್ನು ಪರೀಕ್ಷೆಯ ಕೊಠಡಿಯವರೆಗೂ ಬಾರದ ಮಕ್ಕಳು ಈ ನೂರರ ಲೆಕ್ಕಕ್ಕೇ ಸಿಗುವುದಿಲ್ಲ.

ಹೇಗೆ ಬಾರದೆ ಹೋಗುತ್ತಾರೆ ಎನ್ನುವುದು ಮೇಷ್ಟರುಗಳಿಗೆ ಗೊತ್ತಿದೆ, ಊರಿಗೂ ಗೊತ್ತಿದೆ. ಒಂಬತ್ತನೇ ತರಗತಿಯ ಕೊನೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಕರೆಸುತ್ತಾರೆ. 'ಇವನ ಕೈಲಿ ಆಗೋದಿಲ್ಲ, ಟಿಸಿ ತಗೊಂಡು ಹೋಗಿ' ಎನ್ನುತ್ತಾರೆ. ಇಲ್ಲವೇ 'ಈ ವರ್ಷ ಮನೇಲಿರಲಿ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟಲಿ' ಎನ್ನುತ್ತಾರೆ. ಎಲ್ಲ ಶಾಲೆಯವರೂ ಹೀಗೆ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ಶೇ. 90 ಸಾಕು, ಒಂದು ಮಗುವನ್ನೂ ಹೊರಗೆ ಹಾಕುವುದಿಲ್ಲ ಎಂದು ಹಟ ಹಿಡಿದ ಮುಖ್ಯೋಪಾಧ್ಯಾಯರು ಈ ಮೂರು ತಾಲ್ಲೂಕಿನಲ್ಲಿ ಇದ್ದಾರೆ, ಅದಕ್ಕಾಗಿ ಮೇಲಿನವರಿಂದ ನೋಟಿಸು ಬಂದರೂ ಜಗ್ಗದವರಿದ್ದಾರೆ. ಅಂಥವರ ಬೆನ್ನಿಗೆ ಊರು ನಿಲ್ಲುವುದಿಲ್ಲ ಎನ್ನುವುದೇ ನನ್ನ ಸಂಕಟ. ಕರೆಸಿ ಹೇಳಿಸಿಕೊಂಡ ಆ ಅಪ್ಪ ಒಂದು ಮಾತೂ ಆಡದೆ ಸಹಿ ಮಾಡುತ್ತಾನೆ. ಅವನು ಹಸಲರ ಕೇರಿಯವನಿರಬಹುದು, ಕರೂರು ಹೋಬಳಿಯ ಕುಣಬಿ ಇರಬಹುದು, ಬಗರ್‌ಹುಕುಂ ಜಾಗದಲ್ಲಿ ಹೆಂಚಿನ ಸೂರು ಹಾಕಿಕೊಂಡ ದೀವರವನಿರಬಹುದು, ತೋಟದ ಕೆಲಸಕ್ಕೆಂದು ಬಯಲುಸೀಮೆಯಿಂದ ಬಂದು ಲೈನಿನಲ್ಲಿ ಉಳಿದವನಿರಬಹುದು. ಗೇಣಿ ಅಳೆಯುವಾಗ ಇವನ ಅಜ್ಜನೂ ಮಾತಾಡುತ್ತಿರಲಿಲ್ಲ.

ಕಾನೂನೂ ಇಲ್ಲಿ ಅರ್ಧ ದಾರಿಯಲ್ಲಿ ಕೈಬಿಟ್ಟಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ, ಅಂದರೆ ಎಂಟನೇ ತರಗತಿಯವರೆಗೆ. ಒಂಬತ್ತಕ್ಕೆ ಕಾಲಿಟ್ಟ ಕೂಡಲೇ ಮಗುವಿನ ಹಕ್ಕು ಮುಗಿದು ನಮ್ಮ ನಿಮ್ಮ ದಯೆ ಶುರುವಾಗುತ್ತದೆ. ಒಂಬತ್ತು, ಹತ್ತರ ಮಕ್ಕಳಿಗೆ ಬಿಸಿಯೂಟ ಸಿಗುತ್ತಿರುವುದು ಕೂಡ ರಾಜ್ಯ ಸರ್ಕಾರ ತನ್ನ ಸ್ವಂತ ದುಡ್ಡಿನಲ್ಲಿ ಯೋಜನೆಯನ್ನು ಹೈಸ್ಕೂಲಿಗೆ ವಿಸ್ತರಿಸಿದ್ದರಿಂದ. ಹದಿನಾಲ್ಕು, ಹದಿನೈದು ಎಂದರೆ ಮಗು ಕೂಲಿಗೆ ಆಗಿ ಬರುವ ವಯಸ್ಸು, ಹುಡುಗಿಗೆ ಸಂಬಂಧ ಹುಡುಕುವ ಮಾತು ಏಳುವ ವಯಸ್ಸು. ಹಿಡಿದುಕೊಳ್ಳುವ ಕೈ ಬೇಕಾಗಿರುವುದು ಆ ಹೊತ್ತಿನಲ್ಲಿ.

ಒಂದು ದಿನವನ್ನು ಹತ್ತಿರದಿಂದ ನೋಡಿ. ನವೆಂಬರ್ ತಿಂಗಳು, ಕೊನೆಕೊಯ್ಲು ಜೋರಾಗಿದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ನಿಟ್ಟೂರು ಕಡೆಯ ಒಂದು ಹಳ್ಳಿಯಿಂದ ಬರುತ್ತಾಳೆ. ರಾತ್ರಿ ಹನ್ನೊಂದರವರೆಗೆ ಅಮ್ಮನ ಜೊತೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದಿದ್ದಾಳೆ. ಡಬ್ಬಕ್ಕೆ ಇಷ್ಟು ಎಂದು ಲೆಕ್ಕ, ಆ ದುಡ್ಡಿನಲ್ಲೇ ಮನೆಯ ಸಾಮಾನು ಬರಬೇಕು. ಬೆರಳ ತುದಿಯೆಲ್ಲ ಕಪ್ಪು, ಯಾವ ಸೋಪಿಗೂ ಹೋಗದ ಕಪ್ಪು. ಬೆಳಿಗ್ಗೆ ಎದ್ದು ಬ್ಯಾಣ ದಾಟಿ, ಗದ್ದೆಯಂಚು ಹಿಡಿದು, ಕಾಲುಸಂಕದ ಮೇಲೆ ಹೊಳೆ ದಾಟಿ ಟಾರು ರಸ್ತೆಗೆ ಬರಬೇಕು. ಅಲ್ಲಿಂದ ಖಾಸಗಿ ಬಸ್ಸು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಉಚಿತವಾಗಿಸಿದ್ದು ಸರ್ಕಾರಿ ಬಸ್ಸಿನ ಪ್ರಯಾಣವನ್ನು. ಸರ್ಕಾರಿ ಬಸ್ಸಿನ ಮುಖವನ್ನೇ ಕಾಣದ ದಾರಿಗಳು ಈ ಮೂರು ತಾಲ್ಲೂಕಿನಲ್ಲಿ ಎಷ್ಟಿಲ್ಲ! 1991ರಲ್ಲಿ ಕಾರ್ಮಿಕರೇ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ ಮಲೆನಾಡಿನ ಇಂಥ ದಾರಿಗಳಲ್ಲಿ ಓಡುತ್ತಿತ್ತು. 2020ರಲ್ಲಿ ಅದು ನಿಂತುಹೋದಾಗ ಊರಿನವರು ಒಂದು ಬಸ್ಸು ಕಳಕೊಂಡರು, ಶಾಲೆಯ ಮಕ್ಕಳು ಹೋಗಿಬರುವ ಆಧಾರವನ್ನೇ ಕಳಕೊಂಡರು. ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಸಿಗುತ್ತಿದ್ದ ಸೈಕಲ್ಲೂ ಕೋವಿಡ್ ಬಂದಾಗಿನಿಂದ ವರ್ಷಗಟ್ಟಲೆ ನಿಂತಿತು.

ಈಗ ಶಾಲೆಯೊಳಗೆ ಬನ್ನಿ. ಗಣಿತದಲ್ಲಿ ಹಿಂದಿರುವ ಮಕ್ಕಳಿಗೆ ಸಂಜೆ ವಿಶೇಷ ತರಗತಿ ಇದೆ. ಮೇಷ್ಟರು ಮನಸ್ಸಿಟ್ಟು ಮಾಡುತ್ತಾರೆ. ಆದರೆ ಈ ಹುಡುಗಿಯ ಊರಿಗೆ ಹೋಗುವ ಬಸ್ಸು ಬೆಲ್ಲು ಹೊಡೆದ ಹತ್ತು ನಿಮಿಷಕ್ಕೆ ಹೊರಡುತ್ತದೆ. ಅದು ತಪ್ಪಿದರೆ ಕತ್ತಲಾದ ಮೇಲೆ ಇನ್ನೊಂದು, ಅದೂ ಬಂದರೆ ಬಂತು. ಹಾಗಾಗಿ ವಿಶೇಷ ತರಗತಿಯಲ್ಲಿ ಕೂರುವುದು ಪೇಟೆಯಲ್ಲೇ ಮನೆಯಿರುವ ಮಕ್ಕಳು, ಮನೆಯಲ್ಲಿ ಹೇಳಿಕೊಡುವವರಿರುವ ಮಕ್ಕಳು. ಯಾರಿಗಾಗಿ ಆ ತರಗತಿ ಮಾಡಿದರೋ ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೋಗುತ್ತಿರುತ್ತಾಳೆ. ಸೇತುಬಂಧ, ಕಲಿಕಾ ಚೇತರಿಕೆ, ಮರುಸಿಂಚನ ಎಂದು ಇಲಾಖೆ ಒಂದರ ಮೇಲೊಂದು ಕಾರ್ಯಕ್ರಮ ಕೊಟ್ಟಿದೆ. ಪುಸ್ತಕ ಬಂದಿದೆ, ತರಬೇತಿ ಆಗಿದೆ, ದಾಖಲೆ ತುಂಬಿದೆ. ಬಸ್ಸಿನ ವೇಳಾಪಟ್ಟಿ ಬದಲಾಗಲಿಲ್ಲ. ಬೆಂಗಳೂರಿನಲ್ಲಿ ಕೂತು ಯೋಜನೆ ಬರೆಯುವವರಿಗೆ ಆ ಬಸ್ಸು ಗೊತ್ತಿರಲಿಕ್ಕಿಲ್ಲ. ಗೊತ್ತಿರುವ ನಾವು ಯಾಕೆ ಸುಮ್ಮನಿದ್ದೇವೆ?

ಮಳೆಗಾಲದ ಕತೆ ಬೇರೆ. ಹುಲಿಕಲ್ಲು, ಆಗುಂಬೆಯ ಸೀಮೆ ಇದು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಸುರಿಯುವ ಕಡೆ ಜೂನ್, ಜುಲೈಯಲ್ಲಿ ರಜೆಯ ಮೇಲೆ ರಜೆ. ಪಾಠ ಹಿಂದೆ ಬೀಳುತ್ತದೆ, ಆಮೇಲೆ ಶನಿವಾರ, ಭಾನುವಾರಗಳಲ್ಲಿ ಓಡಿಸಿ ಮುಗಿಸುತ್ತಾರೆ. ಘಟ್ಟದ ಕೆಳಗೆ ಬೈಂದೂರು ಸೀಮೆಯಲ್ಲಿ 2022ರ ಮಳೆಗಾಲದಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಒಂದು ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದಾಗ ಇಡೀ ರಾಜ್ಯ ಮರುಗಿತು. ಅಂಥ ಸಂಕಗಳು ನಮ್ಮ ಘಟ್ಟದ ಮೇಲೂ ಇವೆ, ಈ ಮಳೆಗಾಲದಲ್ಲೂ ಮಕ್ಕಳು ಅದರ ಮೇಲೆ ನಡೆಯುತ್ತಾರೆ. ಮಳೆ ಹೋಗಿ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆ. 2019ರ ಸುಮಾರಿಗೆ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು ಕಂಡ ಜನಕ್ಕೆ ಕಾಡಂಚಿನ ಮನೆಯಲ್ಲಿ ಆ ಕಾಯಿಲೆ ತರುವ ಉಣ್ಣಿಯ ಭಯ ಎಂಥದ್ದೆಂದು ಹೇಳಬೇಕಿಲ್ಲ. ಕಾಯಿಲೆ ಏರುವ ತಿಂಗಳುಗಳೂ ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳೂ ಒಂದೇ. ದರಗು ತರಲು ಕಾಡಿಗೆ ಹೋದ ಅಪ್ಪ ಜ್ವರ ಹಿಡಿದು ಮಲಗಿದರೆ ದೊಡ್ಡ ಮಗಳ ಓದು ಅಲ್ಲಿಗೆ ನಿಂತಂತೆ.

ಇದೆಲ್ಲದರ ನಡುವೆಯೂ ಆ ಶಾಲೆಯ ಒಂದು ಕೋಣೆಯನ್ನು ಕಣ್ತುಂಬ ನೋಡಬೇಕು. ಹವ್ಯಕರ ಹುಡುಗಿ, ದೀವರ ಹುಡುಗ, ಒಕ್ಕಲಿಗರ ಹುಡುಗ, ಮನೆಯಲ್ಲಿ ಬ್ಯಾರಿ ಮಾತಾಡುವ ಹುಡುಗಿ, ಕೊಂಕಣಿ ಮಾತಾಡುವ ಕ್ರೈಸ್ತರ ಹುಡುಗ, ಅಣೆಕಟ್ಟು ಕಟ್ಟಲು ಬಂದು ಕಾರ್ಗಲ್ಲಿನಲ್ಲೇ ನೆಲೆಸಿದ ತಮಿಳರ ಮೊಮ್ಮಗ, ಲಂಬಾಣಿ ತಾಂಡಾದ ಹುಡುಗಿ, ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಯಸ ಉಣ್ಣುವ ಜಾಗ ಇಡೀ ಊರಿನಲ್ಲಿ ಇದೊಂದೇ. ದೇವಸ್ಥಾನದಲ್ಲಿ ಆ ಪಂಕ್ತಿಯಿಲ್ಲ, ಮದುವೆ ಮನೆಯಲ್ಲಿಲ್ಲ. ಕೊಠಾರಿ ಆಯೋಗ 1964-66ರಲ್ಲೇ ಸಮಾನ ಶಾಲೆಗಳು ಬೇಕೆಂದು ಹೇಳಿತ್ತು. ತೀರ್ಥಹಳ್ಳಿಯ ಮೇಳಿಗೆಯಲ್ಲಿ ಹುಟ್ಟಿದ ಲೇಖಕ ಅನಂತಮೂರ್ತಿಯವರು ಕೊನೆಯವರೆಗೂ ಸಮಾನ ಶಾಲೆಯ ಮಾತನ್ನು ಬಿಡಲಿಲ್ಲ. ನಾವು ಅವರ ಸಭೆಗಳಲ್ಲಿ ಕೂತು ಚಪ್ಪಾಳೆ ತಟ್ಟಿದೆವು, ಮನೆಗೆ ಬಂದು ನಮ್ಮ ಮಕ್ಕಳನ್ನು ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿಸಿದೆವು.

ಹತ್ತಿಸಿದವರನ್ನು ದೂರಲು ನಾನು ಹೊರಟಿಲ್ಲ. ಮಗುವಿನ ಒಳಿತು ಬಯಸದ ತಂದೆತಾಯಿ ಯಾರು? ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರಿಲ್ಲ, ವಿಜ್ಞಾನಕ್ಕೆ ಅರ್ಧ ವರ್ಷ ಜನರಿಲ್ಲ ಎಂದಾದರೆ ಯಾರಾದರೂ ದಾರಿ ಹುಡುಕುತ್ತಾರೆ. ಆದರೆ ಒಂದು ಸಂಗತಿಯನ್ನು ಎದೆ ಮುಟ್ಟಿಕೊಂಡು ನೋಡಬೇಕು. ಆ ಶಾಲೆಯಿಂದ ಹೊರಟದ್ದು ಬರೀ ನಮ್ಮ ಮಕ್ಕಳಲ್ಲ, ನಮ್ಮ ದನಿಯೂ ಹೊರಟಿತು. ಬಿಇಒ ಕಚೇರಿಗೆ ಹೋಗಿ ಕೇಳಬಲ್ಲವರು, ಅರ್ಜಿ ಬರೆಯಬಲ್ಲವರು, ಶಾಸಕರಿಗೆ ಫೋನು ಮಾಡಿದರೆ ಎತ್ತಿಸಬಲ್ಲವರು ಎಲ್ಲರೂ ಒಟ್ಟಿಗೆ ಎದ್ದು ಹೋದೆವು. ಉಳಿದದ್ದು ಸಹಿ ಮಾಡಿ ಸುಮ್ಮನಾಗುವ ಅಪ್ಪಂದಿರು. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು, ಸರ್ಕಾರದಿಂದ ಸಂಬಳ ಪಡೆಯುವವರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಆ ಆದೇಶ ನಡೆಯಲಿಲ್ಲ, ಆದರೆ ಅದು ಎತ್ತಿದ ಪ್ರಶ್ನೆ ಇನ್ನೂ ಉತ್ತರ ಕೇಳುತ್ತಿದೆ.

ಶಿಕ್ಷಕರ ಮಾತು ಬಂದಾಗ ಎಲ್ಲರೂ ಸರ್ಕಾರದ ಕಡೆ ಕೈ ತೋರಿಸುತ್ತಾರೆ, ಅದು ಸರಿಯೂ ಹೌದು. ಗಣಿತ-ಭೌತಶಾಸ್ತ್ರದ ಪಿಸಿಎಂ ಹುದ್ದೆ, ಜೀವಶಾಸ್ತ್ರದ ಸಿಬಿಝಡ್ ಹುದ್ದೆ, ಇಂಗ್ಲಿಷ್ ಹುದ್ದೆ, ಇವು ಖಾಲಿ ಬಿದ್ದರೆ ಹೈಸ್ಕೂಲಿನ ಬೆನ್ನುಮೂಳೆಯೇ ಮುರಿದಂತೆ. ಮಲೆನಾಡಿನ ಒಳಭಾಗಕ್ಕೆ ಬಂದವರು ವರ್ಗಾವಣೆಯ ಕೌನ್ಸೆಲಿಂಗ್ ತೆರೆದ ಕೂಡಲೇ ಊರ ಕಡೆ ಹೋಗಲು ನೋಡುತ್ತಾರೆ. ಬಾಡಿಗೆಗೆ ಮನೆ ಸಿಗದ, ನೆಟ್‌ವರ್ಕ್ ಸಿಗದ ಊರಿನಲ್ಲಿ ಅವರು ಸಂಸಾರ ಹೂಡುವುದಾದರೂ ಹೇಗೆ? ಅವರ ಜಾಗ ತುಂಬುವವರು ಅತಿಥಿ ಶಿಕ್ಷಕರು. 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದ ಮೇಲೂ ಹೈಸ್ಕೂಲಿನ ಅತಿಥಿ ಶಿಕ್ಷಕರಿಗೆ ತಿಂಗಳಿಗೆ ಸಿಗುವುದು 12,500 ರೂಪಾಯಿ, ಅದೂ ವರ್ಷದ ಹತ್ತು ತಿಂಗಳು ಮಾತ್ರ. ಎಂ.ಎಸ್ಸಿ., ಬಿ.ಎಡ್. ಮಾಡಿದ ಹೆಣ್ಣುಮಗಳು ಅಷ್ಟಕ್ಕೆ ಇಡೀ ವಿಜ್ಞಾನವನ್ನು ಹೊತ್ತಿರುತ್ತಾಳೆ. ಮುಂದಿನ ಜೂನಿನಲ್ಲಿ ತಾನು ಇದೇ ಶಾಲೆಯಲ್ಲಿ ಇರುತ್ತೇನೋ ಇಲ್ಲವೋ ಎಂದು ಅವಳಿಗೇ ಗೊತ್ತಿಲ್ಲ. ಮಕ್ಕಳು ಅವಳನ್ನು ಹಚ್ಚಿಕೊಂಡಿರುತ್ತಾರೆ.

ಈ ಜಿಲ್ಲೆ ಕಳೆದ ಹದಿನೈದು ವರ್ಷದೊಳಗೆ ಶಿಕ್ಷಣ ಸಚಿವರಾಗಿ ಇಬ್ಬರನ್ನು ಕೊಟ್ಟಿದೆ. ತೀರ್ಥಹಳ್ಳಿಯಿಂದ ಕಿಮ್ಮನೆ ರತ್ನಾಕರ್, 2023ರಲ್ಲಿ ಸೊರಬದಿಂದ ಮಧು ಬಂಗಾರಪ್ಪ. ಕೇಳಲು ನಾವು ದೂರ ಹೋಗಬೇಕಾಗಿರಲಿಲ್ಲ. ಸಿಗಂದೂರಿನ ಸೇತುವೆಯನ್ನು ಬಿಡದೆ ಕೇಳಿದೆವು. ಲಿಂಗನಮಕ್ಕಿಯ ನೀರು 1964ರಲ್ಲಿ ಏರಿ ಊರುಗಳನ್ನು ಕತ್ತರಿಸಿದ ಮೇಲೆ ತುಮರಿಯ ಜನ ಆರು ದಶಕ ಲಾಂಚಿಗೆ ಕಾದರು, 2025ರ ಜುಲೈ 14ರಂದು ಸೇತುವೆ ತೆರೆಯಿತು. ನೆಟ್‌ವರ್ಕ್ ಇಲ್ಲವೆಂದರೆ ಓಟೂ ಇಲ್ಲ ಎಂದು ಕೋವಿಡ್ ಕಾಲದಲ್ಲಿ ಅದೇ ಹಿನ್ನೀರಿನ ಯುವಕರು ಎದ್ದು ನಿಂತದ್ದನ್ನು ಕಂಡಿದ್ದೇವೆ. ಆಗ ಅವರ ತಮ್ಮ ತಂಗಿಯರು ಗುಡ್ಡದ ತುದಿಗೆ ಹತ್ತಿ ಪಾಠ ಕೇಳುತ್ತಿದ್ದರು. ಹಟ ಹಿಡಿದು ಕೇಳುವುದು ನಮಗೆ ಗೊತ್ತಿದೆ. ಗಣಿತದ ಮೇಷ್ಟರಿಗಾಗಿ ಒಂದು ದಿನ ಬಿಇಒ ಕಚೇರಿಯ ಮುಂದೆ ಕೂರಲು ಏನು ಅಡ್ಡಿ?

ಕರ್ನಾಟಕ ಪಬ್ಲಿಕ್ ಶಾಲೆಗಳ ವಿಷಯದಲ್ಲೂ ಈಗಲೇ ಎಚ್ಚರವಾಗಬೇಕು. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುವರೆಗೆ, ಪ್ರಯೋಗಾಲಯ, ಗ್ರಂಥಾಲಯ, ಪ್ರತಿ ವಿಷಯಕ್ಕೂ ಶಿಕ್ಷಕರು ಎಂದರೆ ಬೇಡವೆನ್ನುವವರಿಲ್ಲ. ಆದರೆ ಅದರ ಹೆಸರಿನಲ್ಲಿ ಸುತ್ತಲಿನ ಸಣ್ಣ ಶಾಲೆಗಳನ್ನು ವಿಲೀನಗೊಳಿಸಿದರೆ ಮಲೆನಾಡಿನ ಮಕ್ಕಳು ದಾರಿಯಲ್ಲೇ ಉಳಿಯುತ್ತಾರೆ. ನಮ್ಮಲ್ಲಿ ಆರು ಕಿಲೋಮೀಟರು ಎಂದರೆ ಬಯಲುಸೀಮೆಯ ಆರು ಕಿಲೋಮೀಟರಲ್ಲ. ನಡುವೆ ಹೊಳೆಯಿದೆ, ಕಾಡಿದೆ, ಕಾಡುಕೋಣ ಇದೆ. ಮೊದಲು ವಾಹನ ಬರಲಿ, ಹಾಸ್ಟೆಲಿನ ಕೋಣೆ ಬರಲಿ, ವಿಲೀನದ ಮಾತು ಆಮೇಲೆ.

ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿರುವ ನಮ್ಮೂರಿನವರೇ, ನೀವು ಕೊಡುವವರು ಎಂದು ಗೊತ್ತು. ಹಳೇ ವಿದ್ಯಾರ್ಥಿ ಸಂಘದಿಂದ ಗೇಟು ಕಟ್ಟಿಸಿದಿರಿ, ಸ್ಟೇಜು ಕಟ್ಟಿಸಿದಿರಿ, ಗೋಡೆಗೆ ಬಣ್ಣ ಹೊಡೆಸಿದಿರಿ, ಸ್ಮಾರ್ಟ್ ಟಿವಿ ತಂದಿರಿ. ನಿಮ್ಮ ಪ್ರೀತಿ ದೊಡ್ಡದು. ಈ ಸಲ ಕಲ್ಲಿನ ಮೇಲೆ ಹೆಸರು ಬರೆಸದ ಕೆಲಸಕ್ಕೆ ದುಡ್ಡು ಕೊಡಿ ಎಂದು ಕೈಮುಗಿದು ಕೇಳುತ್ತೇನೆ: ಸಂಜೆ ಆರಕ್ಕೆ ವಿಶೇಷ ತರಗತಿಯ ಮಕ್ಕಳನ್ನು ಹಳ್ಳಿಗೆ ಬಿಟ್ಟುಬರುವ ಜೀಪಿನ ಡೀಸೆಲ್ಲಿಗೆ. ಖಾಲಿ ಹುದ್ದೆಯಿರುವ ಶಾಲೆಯಲ್ಲಿ ಅತಿಥಿ ಶಿಕ್ಷಕಿಗೆ ಏಪ್ರಿಲ್, ಮೇ ತಿಂಗಳ ಸಂಬಳಕ್ಕೆ. ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆಗೆ ತಯಾರಿ ಮಾಡಿಸುವವರ ಓಡಾಟಕ್ಕೆ. ಆ ಒಂದು ಪರೀಕ್ಷೆ ದಾಟಿದರೆ ಒಂಬತ್ತರಿಂದ ಪಿಯುವರೆಗೆ ಮಗುವಿಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಅಡಿಕೆ ಸುಲಿಯುವ ಮನೆಯಲ್ಲಿ ತಿಂಗಳಿಗೆ ಸಾವಿರ ಎಂದರೆ ಹುಡುಗಿಯ ಓದು ಬಿಡಿಸಬೇಡಿ ಎಂದು ಅಮ್ಮ ವಾದ ಮಾಡಲು ಸಿಗುವ ಬಲ. ಎಷ್ಟೋ ಶಾಲೆಗಳಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿಕೊಡುವವರಿಲ್ಲದೆ ಅರ್ಜಿಯೇ ಹೋಗುವುದಿಲ್ಲ.

ನಮ್ಮ ಸಹಕಾರಿ ಸಂಘಗಳು ಸಣ್ಣವೇನಲ್ಲ. ಮ್ಯಾಮ್ಕೋಸ್, ಸಾಗರದ ಆಪ್ಸ್‌ಕೋಸ್, ಹೋಬಳಿಗೊಂದು ಸೊಸೈಟಿ. ಅಲ್ಲಿಗೆ ಬರುವ ಪ್ರತಿ ಮೂಟೆ ಅಡಿಕೆಯ ಹಿಂದೆ ರಾತ್ರಿ ಸುಲಿದ ಕೈಗಳಿವೆ, ಅದರಲ್ಲಿ ಹತ್ತನೇ ತರಗತಿಯ ಕೈಗಳೂ ಇವೆ. ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡಿನ ಮಾತಾದ ಮೇಲೆ ಯಾರಾದರೂ ಒಬ್ಬ ಷೇರುದಾರರು ಎದ್ದು ನಿಂತು ಶಾಲೆಯ ವಾಹನದ ಮಾತೆತ್ತಿ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ನೀನಾಸಮ್ ನಾಟಕ ಸಂಘ ಕಟ್ಟಿ, ಅದನ್ನು ಜಗತ್ತೇ ನೋಡುವ ಹಾಗೆ ಬೆಳೆಸಿದ ಜನ ನಾವು. ಒಂದು ಸಂಜೆಯ ಜೀಪು ಓಡಿಸಲು ಆಗುವುದಿಲ್ಲವೆಂದರೆ ನಂಬುವುದು ಹೇಗೆ?

ಮೇಷ್ಟರುಗಳಲ್ಲಿ, ಮೇಡಮ್ಮುಗಳಲ್ಲಿ ಒಂದೇ ಬೇಡಿಕೆ. ನಿಮ್ಮ ಮೇಲೆ ಬರುವ ಒತ್ತಡ ಗೊತ್ತಿದೆ. ಫಲಿತಾಂಶ ಕಡಿಮೆಯಾದರೆ ಸಭೆಯಲ್ಲಿ ಎದ್ದು ನಿಲ್ಲಿಸಿ ಕೇಳುತ್ತಾರೆಂದು ಗೊತ್ತಿದೆ. ಆದರೂ ಹಿಂದೆ ಬಿದ್ದ ಮಗುವಿಗೆ 'ಪಾಸಿಂಗ್ ಪ್ಯಾಕೇಜ್' ಕೊಟ್ಟು ಮುಗಿಸಬೇಡಿ. ಪಾಸಾಗಲು ಸಾಕಾಗುವ ಹತ್ತು ಪ್ರಶ್ನೆ ಉರು ಹೊಡೆಸಿದರೆ ಕೊಠಡಿ ದಾಟಬಹುದು, ಪಿಯುವಿನ ಮೊದಲ ತಿಂಗಳಲ್ಲೇ ಅದು ಮುಗ್ಗರಿಸುತ್ತದೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲದರಲ್ಲಿ ಆಗದ ಮಗುವಿನ ಮನೆಗೆ ಫಲಿತಾಂಶದ ವಾರದಲ್ಲೇ ಹೋಗಿ, ಎರಡನೆಯದಕ್ಕೆ ಕೂರಿಸಿ. ಯಾರೂ ಬಾರದೆ ಹೋದರೆ ಅವನು ಮಾರನೇ ವಾರ ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಟೆಲ್ ಕೆಲಸಕ್ಕೆ ಬಸ್ಸು ಹತ್ತಿರುತ್ತಾನೆ.

ಮತ್ತೆ ಎಸ್‌ಡಿಎಂಸಿಯ ಅಪ್ಪ-ಅಮ್ಮಂದಿರೇ, ಗ್ರಾಮ ಪಂಚಾಯಿತಿಯ ಸದಸ್ಯರೇ, ಶಾಲೆಯ ಕಡೆ ಹೋಗದೆ ಹತ್ತು ವರ್ಷವಾದ ನನ್ನಂಥ ಹಳಬರೇ. ಈ ಜೂನಿನಲ್ಲಿ ಶಾಲೆ ಶುರುವಾದ ಮೊದಲ ಸಭೆಗೆ ಹೋಗೋಣ. ಶೇಕಡಾ ಎಷ್ಟು ಎಂದು ಕೇಳುವುದು ಬೇಡ. ಹೋದ ವರ್ಷ ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿತ್ತು, ಈ ವರ್ಷ ಹತ್ತರಲ್ಲಿ ಎಷ್ಟಿದೆ ಎಂದು ಕೇಳೋಣ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಕಡಿಮೆಯಾದ ಹೆಸರುಗಳನ್ನು ಬರೆದುಕೊಳ್ಳೋಣ. ಯಾವ ಕೇರಿ, ಯಾವ ಲೈನು, ಯಾವ ಹಿನ್ನೀರಿನ ಅಂಚು ಎಂದು ವಿಚಾರಿಸಿ ಆ ಮನೆಗಳಿಗೆ ಜುಲೈನ ಮಳೆ ಹಿಡಿಯುವುದರೊಳಗೆ ಹೋಗಿಬರೋಣ. ಹೋಗುವಾಗ ಮರುಪ್ರವೇಶದ ಅರ್ಜಿ ಕೈಯಲ್ಲಿರಲಿ, ಭರ್ತಿ ಮಾಡಲು ಪೆನ್ನಿರಲಿ, ಆ ಊರಿನಿಂದ ಬೆಳಿಗ್ಗೆ ಬಸ್ಸು ಎಷ್ಟಕ್ಕೆ, ಸಂಜೆ ವಾಪಸು ಕರೆತರುವವರು ಯಾರು ಎನ್ನುವುದಕ್ಕೆ ಉತ್ತರವನ್ನೂ ಮೊದಲೇ ಮಾಡಿಕೊಂಡು ಹೋಗೋಣ.